ಉಪ್ಪುಗಾಳಿಯನ್ನು ದೂರುವ ಮೊದಲು ನಟ್ಟನ್ನು ನೋಡಿ

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಂಚಿಕೆಯ ವಿಷಯ: ಬೇಸ್ ಗಿಟಾರಿನ ಔಟ್‌ಪುಟ್ ಜ್ಯಾಕ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ

ಪ್ರಶ್ನೆ: ನಾನು ಕಾರವಾರದ ಚರ್ಚೊಂದರ ಗಾಯನ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಕೆಲವು ತಿಂಗಳುಗಳಿಂದ ಕೇಬಲ್ ಸ್ವಲ್ಪ ಅಲುಗಾಡಿದರೂ ಕರಕರ ಸದ್ದು ಬರುತ್ತದೆ, ಒಮ್ಮೊಮ್ಮೆ ಸದ್ದೇ ನಿಂತುಹೋಗುತ್ತದೆ. ಜ್ಯಾಕಿನ ನಟ್ಟು ಕೈಯಲ್ಲೇ ತಿರುಗುತ್ತದೆ. ಹೊರಗಿನಿಂದ ಬಿಗಿ ಮಾಡಿದರೂ ನಾಲ್ಕು ದಿನಕ್ಕೆ ಮತ್ತೆ ಸಡಿಲವಾಗುತ್ತದೆ. ನಮ್ಮ ಮನೆ ಕಡಲಿಗೆ ಹತ್ತಿರವಿರುವುದರಿಂದ ಜ್ಯಾಕ್ ಒಳಗೆ ತುಕ್ಕು ಹಿಡಿದಿದೆ ಎಂದು ಎಲ್ಲರೂ ಹೇಳುತ್ತಾರೆ. ಇದಕ್ಕೆ ಪರಿಹಾರವೇನು?

ಉತ್ತರ: ಉತ್ತರದ ಮುಕ್ಕಾಲು ಪಾಲು ನಿಮ್ಮ ಪತ್ರದಲ್ಲಿಯೇ ಇದೆ, ಏಕೆಂದರೆ ನಟ್ಟು ಕೈಯಲ್ಲೇ ತಿರುಗುತ್ತದೆ ಎಂದು ನೀವೇ ಬರೆದಿದ್ದೀರಿ. ನಮ್ಮ ಕರಾವಳಿಯಲ್ಲಿ ಯಾವ ಉಪಕರಣ ಕೆಟ್ಟರೂ ಅದನ್ನು ಉಪ್ಪುಗಾಳಿಯ ತಲೆಗೆ ಕಟ್ಟುವ ರೂಢಿ ಇದೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಬೇಸ್ ಗಿಟಾರಿನ ಜ್ಯಾಕ್ ಕೆಡುವುದು ತುಕ್ಕಿಗಿಂತ ಹೆಚ್ಚಾಗಿ ಸಡಿಲಿನಿಂದ, ಮತ್ತು ಆ ಸಡಿಲನ್ನು ಹೊರಗಿನಿಂದ ಬಿಗಿ ಮಾಡಲು ಹೋಗುವುದರಿಂದ.

ಜ್ಯಾಕ್ ಬಹಳ ಸರಳವಾದ ವಸ್ತು. ಅದಕ್ಕೆ ಹಾಕುವ ಪ್ಲಗ್ಗಿನ ದಪ್ಪ ಕಾಲು ಅಂಗುಲ, ಅಂದರೆ 6.35 ಮಿ.ಮೀ.; 19ನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಆಪರೇಟರುಗಳು ಕರೆಗಳನ್ನು ಜೋಡಿಸಲು ಬಳಸುತ್ತಿದ್ದ ಪ್ಲಗ್ಗಿನ ವಂಶದ್ದೇ ಇದು. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಶನ್ ಬೇಸನ್ನು ಮಾರುಕಟ್ಟೆಗೆ ತಂದಾಗ ಹಾಕಿದ್ದೂ ಇದೇ ಅಳತೆಯ ಜ್ಯಾಕನ್ನು, ಇಂದು ನಿಮ್ಮ ವಾದ್ಯದಲ್ಲಿರುವುದೂ ಅದೇ ಅಳತೆಯದು. ತೆರೆದ ಮೈಯ ಜ್ಯಾಕನ್ನು ಕೈಯಲ್ಲಿ ಹಿಡಿದು ನೋಡಿದರೆ ಎರಡೇ ಮುಖ್ಯ ಭಾಗಗಳು ಕಾಣುತ್ತವೆ. ಒಂದು, ಪ್ಲಗ್ ಒಳಹೋಗುವ, ಹೊರಮೈಗೆ ನಟ್ಟು ಕೂರುವ ತಿರುಪುಸುತ್ತು ಇರುವ ಲೋಹದ ಕೊರಳು. ಇದು ಪ್ಲಗ್ಗಿನ ಉದ್ದನೆಯ ಮೈಯನ್ನು ಮುಟ್ಟುತ್ತದೆ ಮತ್ತು ಅರ್ತ್ ಸಂಪರ್ಕವಾಗುತ್ತದೆ. ಇನ್ನೊಂದು, ಬಾಗಿದ ತೆಳು ಲೋಹದ ಪಟ್ಟಿ. ಇದು ಪ್ಲಗ್ಗಿನ ತುದಿಯಲ್ಲಿರುವ ಗುಂಡಿನ ಹಿಂದಿನ ತಗ್ಗಿನಲ್ಲಿ ಕುಳಿತು ಒತ್ತುತ್ತದೆ, ಅಲ್ಲಿಂದಲೇ ಸಂಕೇತ, ಅಂದರೆ ನಾದವನ್ನು ಹೊತ್ತ ವಿದ್ಯುತ್ತು, ಹೊರಗೆ ಹೋಗುತ್ತದೆ. ಪ್ಲಗ್ ಹಾಕುವಾಗ ಕೇಳುವ 'ಟಕ್' ಎಂಬ ಸದ್ದು ಈ ಪಟ್ಟಿ ತಗ್ಗಿಗೆ ಇಳಿದದ್ದರ ಗುರುತು. ಎರಡೂ ಭಾಗಗಳಿಂದ ಹಿಂದಕ್ಕೆ ಒಂದೊಂದು ಕಿವಿ ಚಾಚಿಕೊಂಡಿರುತ್ತದೆ, ಅವುಗಳಿಗೆ ಒಳಗಿನ ಎರಡು ವೈರುಗಳನ್ನು ಬೆಸೆದಿರುತ್ತಾರೆ.

ಈಗ ನಟ್ಟು ಸಡಿಲವಾದರೆ ಏನಾಗುತ್ತದೆ ನೋಡಿ. ಪ್ರತಿ ಸಲ ಪ್ಲಗ್ ಹಾಕಿ ತೆಗೆಯುವಾಗ, ಕೇಬಲ್ ಕಾಲಿಗೆ ತೊಡರಿದಾಗ, ಇಡೀ ಜ್ಯಾಕ್ ತನ್ನ ರಂಧ್ರದಲ್ಲಿ ಸ್ವಲ್ಪ ತಿರುಗುತ್ತದೆ. ಅದರ ಜೊತೆಗೆ ಹಿಂದಿನ ವೈರುಗಳೂ ತಿರುಚಿಕೊಳ್ಳುತ್ತವೆ, ಬೆಸುಗೆಯ ಬುಡದಲ್ಲಿ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೊನೆಯ ಎಳೆ ಉಳಿದಿರುವವರೆಗೂ ಸದ್ದು ಬರುತ್ತಲೇ ಇರುವುದರಿಂದ ನುಡಿಸುವವರಿಗೆ ಇದು ಗೊತ್ತಾಗುವುದಿಲ್ಲ. ಹೊರಗಿನಿಂದ ಪಾನಾ ಹಾಕಿ ನಟ್ಟನ್ನು ಬಿಗಿ ಮಾಡಿದಾಗ ನಿಜವಾಗಿ ತಿರುಗುವುದು ನಟ್ಟಲ್ಲ, ಒಳಗಿನ ಜ್ಯಾಕ್. ಹೀಗೆ ನಾವು ದುರಸ್ತಿ ಎಂದುಕೊಂಡು ಮಾಡುವ ಕೆಲಸವೇ ವೈರನ್ನು ಇನ್ನೊಂದು ಸುತ್ತು ತಿರುಚುತ್ತದೆ. ಇದರ ಜೊತೆಗೆ ಇನ್ನೊಂದು ಅಪಾಯವೂ ಇದೆ. ಹೊರಗಿನ ಗುಂಯ್‌ಗುಟ್ಟುವಿಕೆ ಒಳಗೆ ಬಾರದಂತೆ ತಡೆಯಲು ಅನೇಕ ವಾದ್ಯಗಳ ಒಳಪೊಟರೆಗೆ ತಾಮ್ರದ ಹಾಳೆಯನ್ನು ಅಂಟಿಸಿರುತ್ತಾರೆ, ಇಲ್ಲವೇ ವಿದ್ಯುತ್ ಹರಿಯುವ ಕಪ್ಪು ಬಣ್ಣವನ್ನು ಬಳಿದಿರುತ್ತಾರೆ, ಮತ್ತು ಅದನ್ನು ಅರ್ತ್‌ಗೆ ಜೋಡಿಸಿರುತ್ತಾರೆ. ಜ್ಯಾಕ್ ತಿರುಗಿ ಅದರ ಸಂಕೇತದ ಪಟ್ಟಿ ಆ ಹಾಳೆಗೆ ತಾಗಿದರೆ ಸಂಕೇತವೆಲ್ಲ ಅರ್ತ್‌ಗೆ ಹೋಗಿ ವಾದ್ಯ ಪೂರ್ತಿ ಮೌನವಾಗುತ್ತದೆ. ನಿಮ್ಮ ವಾದ್ಯದ ಸದ್ದು ಒಮ್ಮೊಮ್ಮೆ ನಿಂತುಹೋಗುವುದಕ್ಕೆ ಇದು ಕಾರಣವಾಗಿರಬಹುದು.

ಹಾಗೆಂದು ನೇರವಾಗಿ ಸ್ಕ್ರೂ ಡ್ರೈವರ್ ಹಿಡಿಯಬೇಡಿ. ಮೊದಲು ಬೇರೆ ಕೇಬಲ್ ಹಾಕಿ ನೋಡಿ, ಏಕೆಂದರೆ ಜ್ಯಾಕಿನ ಮೇಲೆ ಹೊರಿಸುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಕೇಬಲ್ಲಿನವು. ಹೊಸ ಕೇಬಲ್ಲಿನಲ್ಲಿಯೂ ಕರಕರ ಬಂದರೆ, ಆಂಪ್ಲಿಫೈಯರ್ ಕಡೆಯ ತುದಿಯನ್ನು ಅಲುಗಾಡಿಸಿ ನೋಡಿ. ಅಲ್ಲಿಯೂ ಒಂದು ಜ್ಯಾಕ್ ಇದೆ ಎಂಬುದನ್ನು ಮರೆಯಬಾರದು. ಪ್ಲಗ್ಗನ್ನು ಮುಟ್ಟದೆ ವಾಲ್ಯೂಮ್ ನಾಬನ್ನು ತಿರುಗಿಸಿದಾಗ ಮಾತ್ರ ಕರಕರ ಬಂದರೆ ದೋಷ ನಾಬಿನ ಕೆಳಗಿರುವ ಪಾಟಿನಲ್ಲಿದೆ (ಸದ್ದನ್ನು ಏರಿಳಿಸುವ ಬಿಡಿಭಾಗ), ಜ್ಯಾಕಿನಲ್ಲಿ ಅಲ್ಲ. ಸದ್ದಿನ ಬಗೆಯೂ ಜಾಡು ತೋರಿಸುತ್ತದೆ: ಪೂರ್ಣ ಮೌನವಿದ್ದರೆ ಸಂಕೇತ ಎಲ್ಲಿಯೋ ಅರ್ತ್‌ಗೆ ತಾಗಿರುವ ಸಂಭವ ಹೆಚ್ಚು, ಜೋರಾದ ಗುಂಯ್‌ಗುಟ್ಟುವಿಕೆ ಇದ್ದು ತಂತಿಯ ನಾದ ಕ್ಷೀಣವಾಗಿದ್ದರೆ ಅಥವಾ ಇಲ್ಲವೇ ಇಲ್ಲವಾಗಿದ್ದರೆ ಎರಡು ವೈರುಗಳಲ್ಲಿ ಒಂದು ಕಡಿದಿರುವ ಸಂಭವ ಹೆಚ್ಚು.

ಮಲ್ಟಿಮೀಟರ್ ಇದ್ದರೆ ವಾದ್ಯವನ್ನು ಬಿಚ್ಚದೆಯೇ ಖಚಿತಪಡಿಸಿಕೊಳ್ಳಬಹುದು. ಬ್ಯಾಟರಿ ಇಲ್ಲದ ಬೇಸ್ ಆಗಿದ್ದರೆ ಕೇಬಲ್ಲನ್ನು ವಾದ್ಯಕ್ಕೆ ಹಾಕಿ, ಎಲ್ಲ ನಾಬುಗಳನ್ನೂ ಪೂರ್ತಿ ಏರಿಸಿ, ಕೇಬಲ್ಲಿನ ಇನ್ನೊಂದು ತುದಿಯ ಪ್ಲಗ್ಗಿನ ಗುಂಡಿಗೂ ಮೈಗೂ ನಡುವಿನ ಓಮ್ ಅಳತೆಯನ್ನು ತೆಗೆದುಕೊಳ್ಳಿ. ತಂತಿಯ ಕಂಪನವನ್ನು ಸಂಕೇತವಾಗಿಸುವ ಪಿಕ್‌ಅಪ್ಪುಗಳ ಸಂಖ್ಯೆ ಮತ್ತು ಬಗೆಯನ್ನು ಅನುಸರಿಸಿ ಸಾಮಾನ್ಯವಾಗಿ 4ರಿಂದ 12 ಕಿಲೋ ಓಮ್‌ಗಳ ನಡುವೆ ಒಂದು ಸಂಖ್ಯೆ ಕಾಣುತ್ತದೆ. ಸಂಖ್ಯೆ ಎಷ್ಟೇ ಇರಲಿ, ವಾದ್ಯದ ಕಡೆಯ ಪ್ಲಗ್ಗನ್ನು ಮೆಲ್ಲಗೆ ಅಲುಗಾಡಿಸುವಾಗ ಅದು ಅಲುಗದೆ ನಿಲ್ಲಬೇಕು. ಸೊನ್ನೆಗೆ ಇಳಿದರೆ ತಾಗುತ್ತಿದೆ, ಮೀಟರಿನ ಮಿತಿಯನ್ನು ಮೀರಿ ಹಾರಿದರೆ ಕಡಿದಿದೆ.

ದೋಷ ಜ್ಯಾಕಿನಲ್ಲಿಯೇ ಇದೆ ಎಂದು ತಿಳಿದ ಮೇಲೆ ಜ್ಯಾಕನ್ನು ಕೂರಿಸಿರುವ ತಗಡು ಅಥವಾ ಹಲಗೆಯನ್ನು ಬಿಚ್ಚಿ. ಪ್ರಿಸಿಶನ್ ಮಾದರಿಯಲ್ಲಿ ಜ್ಯಾಕ್ ಸಾಮಾನ್ಯವಾಗಿ ಒಡಲಿನ ಮುಂಬದಿಗೆ ಹೊದಿಸಿದ ರಕ್ಷಕ ಹಲಗೆಯಾದ ಪಿಕ್‌ಗಾರ್ಡಿನ ಮೇಲೂ, ಜ್ಯಾಝ್ ಮಾದರಿಯಲ್ಲಿ ನಾಬುಗಳಿರುವ ಲೋಹದ ಪಟ್ಟಿಯ ಮೇಲೂ, ಇನ್ನುಳಿದ ಅನೇಕ ವಾದ್ಯಗಳಲ್ಲಿ ಒಡಲಿನ ಪಕ್ಕದಲ್ಲಿ ಪ್ರತ್ಯೇಕ ತಗಡಿನ ಮೇಲೂ ಇರುತ್ತದೆ. ಒಳಗಿನಿಂದ ಜ್ಯಾಕಿನ ಮೈಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ತಿರುಚಿದ ವೈರುಗಳನ್ನು ನೆಟ್ಟಗೆ ಮಾಡಿ, ಸಂಕೇತದ ಪಟ್ಟಿ ಪೊಟರೆಯ ಗೋಡೆಯಿಂದ ದೂರವಿರುವ ದಿಕ್ಕಿಗೆ ಜ್ಯಾಕನ್ನು ನಿಲ್ಲಿಸಿ, ಅನಂತರ ಹೊರಗಿನಿಂದ ನಟ್ಟನ್ನು ಬಿಗಿ ಮಾಡಿ. ಅಂಗುಲದ ಅಳತೆಯ ಜ್ಯಾಕುಗಳಿಗೆ ಅರ್ಧ ಅಂಗುಲದ ಪಾನಾ ಸರಿಹೊಂದುತ್ತದೆ. ಅದು ಸಿಗದಿದ್ದರೆ 13 ಮಿ.ಮೀ. ಪಾನಾವನ್ನು ಎಚ್ಚರಿಕೆಯಿಂದ ಬಳಸಬಹುದು. ಇಕ್ಕಳದಿಂದ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆಯುತ್ತವೆ, ಜಾರಿದರೆ ಪಾಲಿಶಿನ ಮೇಲೆ ಗೀರು ಬೀಳುತ್ತದೆ. ಇಷ್ಟಾದರೂ ನಟ್ಟು ಮತ್ತೆ ಸಡಿಲವಾಗುವುದು ಹಲ್ಲಿನ ವಾಷರ್ ಇಲ್ಲದಿರುವಾಗ. ಜ್ಯಾಕಿಗೂ ಅದನ್ನು ಕೂರಿಸಿರುವ ತಗಡಿಗೂ ನಡುವೆ, ಒಳಬದಿಯಲ್ಲಿ, ಹಲ್ಲುಗಳಿರುವ ಒಂದು ತೆಳು ವಾಷರ್ ಇರಲೇಬೇಕು. ಯಾರೋ ಹಿಂದೆ ಬಿಚ್ಚಿದವರು ಅದನ್ನು ಕಳೆದುಹಾಕಿರುವುದು ಸಾಮಾನ್ಯ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಅದು ಅತಿ ಕಡಿಮೆ ಬೆಲೆಗೆ ಸಿಗುತ್ತದೆ.

ಪ್ಲಗ್ 'ಟಕ್' ಎನ್ನದೆ ಸುಮ್ಮನೆ ಒಳಹೋಗುತ್ತಿದ್ದರೆ ಸಂಕೇತದ ಪಟ್ಟಿಯ ಬಿಗು ಕಡಿಮೆಯಾಗಿದೆ. ಪ್ಲಗ್ ಹೊರತೆಗೆದು, ಪಟ್ಟಿಯನ್ನು ಬೆರಳಿನಿಂದ ಒಳಮುಖವಾಗಿ ಸ್ವಲ್ಪವೇ ಬಗ್ಗಿಸಿದರೆ ಅದು ಮತ್ತೆ ಹಿಡಿಯುತ್ತದೆ. ಆದರೆ ಪದೇ ಪದೇ ಬಗ್ಗಿಸಿದ ಲೋಹ ದಣಿಯುತ್ತದೆ. ಒಮ್ಮೆ ಬಗ್ಗಿಸಿದ ಮೇಲೂ ತೊಂದರೆ ಮರುಕಳಿಸಿದರೆ ಹೊಸ ಜ್ಯಾಕ್ ಹಾಕುವುದೇ ಸರಿ. ಒಳ್ಳೆಯ ಜ್ಯಾಕಿನ ಬೆಲೆ ಒಂದು ಸೆಟ್ ಬೇಸ್ ತಂತಿಗಳ ಬೆಲೆಗಿಂತ ಬಹಳ ಕಡಿಮೆ.

ಪ್ರಶ್ನೆ: ನಾವು ಶಿರಸಿಯಲ್ಲಿ ಚಿಕ್ಕ ಆರ್ಕೆಸ್ಟ್ರಾ ನಡೆಸುತ್ತೇವೆ. ಬೇಸ್ ಗಿಟಾರಿನ ಜ್ಯಾಕನ್ನು ರೇಡಿಯೊ ರಿಪೇರಿ ಮಾಡುವವರೊಬ್ಬರಿಂದ ಬದಲಾಯಿಸಿದೆವು. ಈಗ ಸದ್ದು ಬರುತ್ತದೆ, ಆದರೆ ತಂತಿಗಳನ್ನು ಮುಟ್ಟಿದ ಕೂಡಲೇ ಗುಂಯ್ ಎಂಬ ಸದ್ದು ಜೋರಾಗುತ್ತದೆ. ಮೊದಲು ಮುಟ್ಟಿದರೆ ಕಡಿಮೆಯಾಗುತ್ತಿತ್ತು. ಮಾರಿಕಾಂಬಾ ಜಾತ್ರೆಯ ಕಾರ್ಯಕ್ರಮಗಳಿಗೆ ಮುಂಚೆ ನಾವೇ ಇದನ್ನು ಸರಿಪಡಿಸಬಹುದೇ?

ಉತ್ತರ: ಖಂಡಿತ ಸರಿಪಡಿಸಬಹುದು. ಎರಡು ವೈರುಗಳು ಅದಲುಬದಲಾಗಿವೆ. ಬೇಸ್ ಗಿಟಾರಿನ ತಂತಿಗಳು ಬ್ರಿಜ್ಜಿನ (ತಂತಿಗಳನ್ನು ಒಡಲಿಗೆ ಹಿಡಿದಿಡುವ ಲೋಹದ ಭಾಗ) ಮೂಲಕ ಅರ್ತ್ ವೈರಿಗೆ ಜೋಡಣೆಯಾಗಿರುತ್ತವೆ, ಆದ್ದರಿಂದ ಮುಟ್ಟಿದಾಗ ಗುಂಯ್ ಕಡಿಮೆಯಾಗುವುದು ಸಹಜ ಸ್ಥಿತಿ. ಅರ್ತ್ ವೈರು ಸಂಕೇತದ ಕಿವಿಗೆ ಹೋದರೆ ತಂತಿ, ಬ್ರಿಜ್, ಪಾಟುಗಳ ಲೋಹದ ಮೈ, ಎಲ್ಲವೂ ಸೇರಿ ಆಂಪ್ಲಿಫೈಯರಿನ ಸಂಕೇತದ ಬಾಗಿಲಿಗೆ ಕಟ್ಟಿದ ಆಂಟೆನಾ ಆಗುತ್ತವೆ. ನಿಮ್ಮ ಮೈಯೂ ಅದಕ್ಕೆ ಸೇರಿಕೊಳ್ಳುತ್ತದೆ. ರಿಪೇರಿ ಮಾಡಿದವರನ್ನು ಹೆಚ್ಚು ದೂರುವಂತಿಲ್ಲ, ಏಕೆಂದರೆ ಜ್ಯಾಕಿನ ಕಿವಿಗಳು ಒಂದರ ಮೇಲೊಂದು ಪದರವಾಗಿ ಕೂತಿರುತ್ತವೆ, ಯಾವ ಕಿವಿ ಯಾವ ಭಾಗಕ್ಕೆ ಸೇರಿದ್ದು ಎಂಬುದು ಕಣ್ಣಿಗೆ ತಟ್ಟನೆ ತಿಳಿಯುವುದಿಲ್ಲ.

ಕಣ್ಣನ್ನು ನಂಬದೆ ಮೀಟರನ್ನು ನಂಬಿ. ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಬಾಗಿದ ಪಟ್ಟಿಯ ತುದಿಗೆ ಹಿಡಿದು ಇನ್ನೊಂದನ್ನು ಒಂದೊಂದೇ ಕಿವಿಗೆ ಮುಟ್ಟಿಸಿ. ಬೀಪ್ ಎಂದ ಕಿವಿ ಸಂಕೇತದ್ದು, ಉಳಿದದ್ದು ಅರ್ತಿನದು. ವಾದ್ಯದ ಒಳಗೆ ವಾಲ್ಯೂಮ್ ಪಾಟಿನ ನಡುಗಾಲಿನಿಂದ ಬರುವ ವೈರು ಸಾಮಾನ್ಯವಾಗಿ ಸಂಕೇತದ್ದು, ಪಾಟಿನ ಲೋಹದ ಬೆನ್ನಿನಿಂದ ಬರುವ ವೈರು ಅರ್ತಿನದು. ವೈರಿನ ಬಣ್ಣವನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ; ಬಿಳಿ-ಕಪ್ಪು, ಕೆಂಪು-ಕಪ್ಪು ಎಂಬ ಪದ್ಧತಿಯನ್ನು ಎಲ್ಲ ತಯಾರಕರೂ ಪಾಲಿಸುವುದಿಲ್ಲ, ಹಿಂದೆ ರಿಪೇರಿ ಮಾಡಿದವರು ಕೈಗೆ ಸಿಕ್ಕ ವೈರನ್ನು ಹಾಕಿರುವುದೂ ಉಂಟು.

ಬೆಸುಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮಲೆನಾಡಿನ ಮಳೆಗಾಲವನ್ನು ಎರಡು ಸಲ ಕಂಡ ಕೂಡಲೇ ಬಿಟ್ಟುಬರುವುದು ಕೆಟ್ಟ ಬೆಸುಗೆಯೇ. 25ರಿಂದ 40 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ತುದಿಯ ತಾಪವನ್ನು ಹೊಂದಿಸುವ ಸೌಲಭ್ಯವಿದ್ದರೆ 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಿ. ಒಳಗೆ ರಾಳದ ಫ್ಲಕ್ಸ್ ತುಂಬಿದ 60/40 ತವರ-ಸೀಸದ ಸೋಲ್ಡರ್ ತಂತಿ ಹೊಸಬರ ಕೈಗೆ ಚೆನ್ನಾಗಿ ಒಗ್ಗುತ್ತದೆ. ಅದು 190 ಡಿಗ್ರಿಯ ಒಳಗೇ ಕರಗುತ್ತದೆ. ತಗಡಿನ ಕೆಲಸದವರು ಬಳಸುವ ಆಮ್ಲದ ಫ್ಲಕ್ಸನ್ನು ಎಂದಿಗೂ ಬಳಸಬೇಡಿ, ಅದು ಬೆಸುಗೆಯಾದ ಮೇಲೂ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಕೆಲಸಕ್ಕೆ ಕೂರುವ ಮೊದಲು ವಾದ್ಯದ ಮೇಲೆ ದಪ್ಪ ಬಟ್ಟೆ ಹೊದಿಸಿ, ಏಕೆಂದರೆ ಒಂದು ಹನಿ ಸೋಲ್ಡರ್ ಬಿದ್ದರೆ ಪಾಲಿಶಿನ ಮೇಲೆ ಉಳಿಯುವ ಕಲೆಯನ್ನು ಯಾವ ಪಾಲಿಶಿನವರೂ ಸುಲಭವಾಗಿ ತೆಗೆಯಲಾರರು. ಕಿಟಕಿ ತೆರೆದಿರಲಿ, ಆದರೆ ತಲೆಯ ಮೇಲಿನ ಫ್ಯಾನನ್ನು ಆರಿಸಿ. ಫ್ಯಾನಿನ ಗಾಳಿ ಬೆಸುಗೆಯನ್ನು ಸರಿಯಾಗಿ ಕಾಯಲು ಬಿಡುವುದಿಲ್ಲ.

ವೈರಿನ ತುದಿಯ ಪ್ಲಾಸ್ಟಿಕ್ಕನ್ನು 3-4 ಮಿ.ಮೀ. ಸುಲಿದು, ಎಳೆಗಳನ್ನು ಹುರಿ ಮಾಡಿ, ಮೊದಲು ವೈರಿಗೆ ಮತ್ತು ಕಿವಿಗೆ ಬೇರೆ ಬೇರೆಯಾಗಿ ತೆಳುವಾಗಿ ಸೋಲ್ಡರ್ ಹಚ್ಚಿ. ಆಮೇಲೆ ವೈರನ್ನು ಕಿವಿಯ ರಂಧ್ರದೊಳಗೆ ಕೊಕ್ಕೆಯಂತೆ ಸಿಕ್ಕಿಸಿ, ಐರನ್ನಿನ ತುದಿಯನ್ನು ಕಿವಿಗೂ ವೈರಿಗೂ ಒಟ್ಟಿಗೆ ತಾಗಿಸಿ, ಎರಡು ಮೂರು ಸೆಕೆಂಡುಗಳಲ್ಲಿ ಕಾದ ಲೋಹಕ್ಕೆ ಸೋಲ್ಡರನ್ನು ಮುಟ್ಟಿಸಿ. ಸೋಲ್ಡರನ್ನು ಐರನ್ನಿನ ಮೇಲೆ ಕರಗಿಸಿ ಕಿವಿಯ ಮೇಲೆ ಮೆತ್ತುವುದು ಬಹಳ ಜನ ಮಾಡುವ ತಪ್ಪು. ತಣ್ಣನೆಯ ಲೋಹದ ಮೇಲೆ ಸೋಲ್ಡರ್ ಕೂರುತ್ತದೆಯೇ ಹೊರತು ಬೆಸೆಯುವುದಿಲ್ಲ. ಐರನ್ ತೆಗೆದ ಮೇಲೆ ಆರುವವರೆಗೆ ವೈರು ಅಲುಗಬಾರದು, ಬಾಯಿಂದ ಊದಲೂ ಬಾರದು. ತವರ-ಸೀಸದ ಒಳ್ಳೆಯ ಬೆಸುಗೆ ಹೊಳೆಯುತ್ತದೆ ಮತ್ತು ಕಿವಿಯ ಅಂಚಿಗೆ ಇಳಿಜಾರಾಗಿ ಹರಡಿರುತ್ತದೆ. ಮಾಸಲು ಬಣ್ಣದ, ಉಂಡೆಯಂತೆ ಕೂತಿರುವ ಬೆಸುಗೆಯನ್ನು ಮತ್ತೆ ಕಾಯಿಸಿ ಸರಿಮಾಡಿ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಏಕೆಂದರೆ ಸೋಲ್ಡರಿನಲ್ಲಿ ಸೀಸವಿದೆ.

ವೈರನ್ನು ಅಳೆದು ಕತ್ತರಿಸುವಾಗ ಜಿಪುಣತನ ಬೇಡ. ಜ್ಯಾಕಿನ ತಗಡನ್ನು ಬಿಚ್ಚಿ ಹೊರಗೆ ಮಗುಚಿ ಇಡುವಷ್ಟು ಸಡಿಲವಾದ ಉದ್ದ ಇದ್ದರೆ ಮುಂದಿನ ದುರಸ್ತಿ ಸುಲಭವಾಗುತ್ತದೆ, ವೈರಿನ ಮೇಲೆ ಎಳೆತವೂ ಬೀಳುವುದಿಲ್ಲ. ಹೊಸ ಜ್ಯಾಕನ್ನು ಕೊಳ್ಳುವಾಗ ಅದರದ್ದೇ ನಟ್ಟು ಮತ್ತು ವಾಷರ್ ಜೊತೆಗಿವೆಯೇ ನೋಡಿಕೊಳ್ಳಿ, ಏಕೆಂದರೆ ಅಂಗುಲದ ಅಳತೆಯ ತಿರುಪುಸುತ್ತಿನ ನಟ್ಟು ಮಿಲಿಮೀಟರ್ ಅಳತೆಯ ಜ್ಯಾಕಿಗೆ ಕೂರುವುದಿಲ್ಲ, ಬಲವಂತ ಮಾಡಿದರೆ ಎರಡೂ ಹಾಳಾಗುತ್ತವೆ. ಹಳೆಯ ನಟ್ಟು ಉಳಿಸಿಕೊಂಡು ಹೊಸ ಜ್ಯಾಕ್ ಹಾಕಿದಲ್ಲಿ ಸಡಿಲಿನ ಕಥೆ ಮತ್ತೆ ಮೊದಲಿನಿಂದ ಶುರುವಾಗುವುದು ಹೀಗೆಯೇ.

ಪ್ರಶ್ನೆ: ನನ್ನದು 9 ವೋಲ್ಟ್ ಬ್ಯಾಟರಿ ಹಾಕುವ ಆಕ್ಟಿವ್ ಬೇಸ್. ಹೊಸ ಬ್ಯಾಟರಿ ಹಾಕಿದರೂ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ಅಂಗಡಿಯವರು ಜ್ಯಾಕ್ ಬದಲಾಯಿಸಿ ಎನ್ನುತ್ತಾರೆ. ಬ್ಯಾಟರಿಗೂ ಜ್ಯಾಕಿಗೂ ಏನು ಸಂಬಂಧ? (ಕುಮಟಾ)

ಉತ್ತರ: ಸಂಬಂಧ ನೇರವಾದದ್ದು, ನಿಮ್ಮ ವಾದ್ಯದಲ್ಲಿ ಜ್ಯಾಕೇ ಸ್ವಿಚ್ಚು. ಆಕ್ಟಿವ್ ಬೇಸುಗಳಲ್ಲಿ ಮೂರು ಸಂಪರ್ಕಗಳಿರುವ ಸ್ಟೀರಿಯೊ ಜ್ಯಾಕನ್ನು ಹಾಕಿರುತ್ತಾರೆ, ಆದರೆ ಅದು ಸ್ಟೀರಿಯೊ ಸದ್ದಿಗಾಗಿ ಅಲ್ಲ. ನಡುವಿನ ಸಂಪರ್ಕಕ್ಕೆ ಬ್ಯಾಟರಿಯ ಋಣ ತುದಿಯನ್ನು ಜೋಡಿಸಿರುತ್ತಾರೆ. ಸಾಮಾನ್ಯ ಮೊನೊ ಪ್ಲಗ್ಗನ್ನು ಹಾಕಿದಾಗ ಅದರ ಉದ್ದನೆಯ ಮೈ ನಡುವಿನ ಸಂಪರ್ಕವನ್ನೂ ಅರ್ತನ್ನೂ ಕೂಡಿಸುತ್ತದೆ, ಬ್ಯಾಟರಿಯ ಮಂಡಲ ಪೂರ್ಣವಾಗಿ ಒಳಗಿನ ಪ್ರೀಆಂಪ್ (ಸಂಕೇತವನ್ನು ಬಲಪಡಿಸುವ ಚಿಕ್ಕ ಸರ್ಕಿಟ್) ಚಾಲೂ ಆಗುತ್ತದೆ. ಪ್ಲಗ್ ತೆಗೆದರೆ ಆಫ್ ಆಗುತ್ತದೆ.

ಆದ್ದರಿಂದ ಜ್ಯಾಕ್ ಬದಲಾಯಿಸುವ ಮೊದಲು ನಿಮ್ಮ ಅಭ್ಯಾಸವನ್ನು ನೋಡಿಕೊಳ್ಳಿ. ನುಡಿಸಿದ ಮೇಲೆ ಆಂಪ್ಲಿಫೈಯರನ್ನು ಆಫ್ ಮಾಡಿ, ಕೇಬಲ್ಲನ್ನು ಮಾತ್ರ ವಾದ್ಯದಲ್ಲಿಯೇ ಬಿಟ್ಟು ಗೋಡೆಗೆ ಒರಗಿಸಿಡುವವರು ಬಹಳ ಜನ ಇದ್ದಾರೆ. ಪ್ರೀಆಂಪ್ 1 ಮಿಲಿ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ಸುಮಾರು 500 ಮಿಲಿ ಆಂಪಿಯರ್-ಗಂಟೆ ಸಾಮರ್ಥ್ಯದ ಆಲ್ಕಲೈನ್ ಬ್ಯಾಟರಿ 500 ಗಂಟೆ, ಅಂದರೆ ಮೂರು ವಾರಗಳೊಳಗೆ ಯಾರೂ ನುಡಿಸದಿದ್ದರೂ ಮುಗಿಯುತ್ತದೆ. ನಿಮ್ಮ ಲೆಕ್ಕ ಇದಕ್ಕೆ ಬಹಳ ಹತ್ತಿರವಾಗಿದೆ.

ಕೇಬಲ್ಲನ್ನು ತಪ್ಪದೆ ತೆಗೆದಿಡುತ್ತಿದ್ದರೂ ಬ್ಯಾಟರಿ ಮುಗಿಯುತ್ತಿದ್ದರೆ ಜ್ಯಾಕಿನ ಮೇಲೆ ಅನುಮಾನ ಪಡಬೇಕು. ಪ್ಲಗ್ ಇಲ್ಲದಿರುವಾಗ ನಡುವಿನ ಕಿವಿಗೂ ಅರ್ತ್ ಕಿವಿಗೂ ನಡುವೆ ಮೀಟರ್ ಬೀಪ್ ಎನ್ನಬಾರದು, ಪ್ಲಗ್ ಹಾಕಿದಾಗ ಬೀಪ್ ಎನ್ನಬೇಕು. ಈ ಪರೀಕ್ಷೆಯನ್ನು ಬ್ಯಾಟರಿ ಕಳಚಿ ಮಾಡಿ. ಪ್ಲಗ್ ಇಲ್ಲದಿದ್ದರೂ ಬೀಪ್ ಬಂದರೆ ಪಟ್ಟಿಗಳು ಬಾಗಿ ಒಂದಕ್ಕೊಂದು ತಾಗಿವೆ, ಇಲ್ಲವೇ ಬೆಸುಗೆಯ ಹನಿಯೊಂದು ಎರಡು ಕಿವಿಗಳನ್ನು ಕೂಡಿಸಿದೆ, ಇಲ್ಲವೇ ತಿರುಗಿದ ಜ್ಯಾಕಿನ ನಡುವಿನ ಕಿವಿ ಪೊಟರೆಯ ಹಾಳೆಗೆ ಒರಗಿದೆ. ಇದರ ವಿರುದ್ಧ ದೋಷವೂ ಇದೆ: ನಡುವಿನ ಪಟ್ಟಿ ಸರಿಯಾಗಿ ಒತ್ತದಿದ್ದರೆ ಹೊಸ ಬ್ಯಾಟರಿ ಇದ್ದಾಗಲೂ ಸದ್ದು ಬಿಟ್ಟು ಬಿಟ್ಟು ಬರುತ್ತದೆ ಅಥವಾ ಒಡೆದಂತೆ ಕೇಳುತ್ತದೆ, ಜನರು ಬ್ಯಾಟರಿಯನ್ನು ದೂರಿ ಮತ್ತೊಂದು ಬ್ಯಾಟರಿ ಕೊಳ್ಳುತ್ತಾರೆ. ಜ್ಯಾಕ್ ಬದಲಾಯಿಸಲೇಬೇಕಾದರೆ ಮೂರು ಸಂಪರ್ಕದ್ದನ್ನೇ ತನ್ನಿ, ಮತ್ತು ಹಳೆಯದನ್ನು ಕಳಚುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಅಂಕೋಲಾದಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಬೇಸಿನ ಜ್ಯಾಕಿನ ಬಾಯಿಯಲ್ಲಿ ಹಸಿರು ಕಿಲುಬು ಕಾಣಿಸಿಕೊಳ್ಳುತ್ತದೆ. ಪರಿಚಯದವರೊಬ್ಬರು ತೆಂಗಿನೆಣ್ಣೆ ಹಚ್ಚಿ ಎಂದರು, ಇನ್ನೊಬ್ಬರು ಡಬ್ಲ್ಯೂಡಿ-40 ಹೊಡೆಯಿರಿ ಎಂದರು. ಯಾವುದು ಸರಿ?

ಉತ್ತರ: ಎರಡೂ ಬೇಡ. ತೆಂಗಿನೆಣ್ಣೆ ಧೂಳನ್ನು ಹಿಡಿದಿಟ್ಟು ಕ್ರಮೇಣ ಅಂಟಾಗುತ್ತದೆ. ಸಾಮಾನ್ಯ ಡಬ್ಲ್ಯೂಡಿ-40 ನೀರನ್ನು ಹೊರದೂಡಲು ಮತ್ತು ಹಿಡಿದ ಬೋಲ್ಟುಗಳನ್ನು ಸಡಿಲಿಸಲು ಒಳ್ಳೆಯದು, ಆದರೆ ಎಣ್ಣೆಯ ಪೊರೆಯನ್ನು ಬಿಟ್ಟುಹೋಗುತ್ತದೆ. ಅದೇ ಹೆಸರಿನಲ್ಲಿ ಬೇರೆಯಾಗಿ ಮಾರುವ ಕಾಂಟ್ಯಾಕ್ಟ್ ಕ್ಲೀನರ್ ಬೇಗ ಆವಿಯಾಗುವ ಬೇರೆಯೇ ದ್ರವ; ಅದನ್ನು ಬಳಸಬಹುದು. ಅದಕ್ಕಿಂತ ಅಗ್ಗವಾಗಿ, ಹತ್ತಿ ಸುತ್ತಿದ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೇವ ಮಾಡಿ ಕೊರಳಿನ ಒಳಗೆ ತಿರುಗಿಸಿದರೆ ಕೊಳೆ ಮತ್ತು ಸಡಿಲವಾದ ಕಿಲುಬು ಬರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟಿನಲ್ಲಿ ನೀರು ಹೆಚ್ಚಿರಬಹುದಾದ್ದರಿಂದ 99 ಪ್ರತಿಶತದ್ದನ್ನೇ ಕೇಳಿ ತನ್ನಿ. ಆಂಪ್ಲಿಫೈಯರಿನಿಂದ ಕೇಬಲ್ ಕಳಚಿದ ಮೇಲೆಯೇ ಈ ಕೆಲಸ ಮಾಡಿ, ಪೂರ್ತಿ ಆರಿದ ಮೇಲೆ ಪ್ಲಗ್ ಹಾಕಿ, ಆಲ್ಕೋಹಾಲ್ ಪಾಲಿಶಿಗೆ ತಾಗದಂತೆ ನೋಡಿಕೊಳ್ಳಿ. ಮರಳು ಕಾಗದದಿಂದ ಉಜ್ಜಿದರೆ ಮೇಲಿನ ನಿಕ್ಕಲ್ ಲೇಪ ಹೋಗಿ ಒಳಗಿನ ಹಿತ್ತಾಳೆ ಬಯಲಾಗುತ್ತದೆ, ಮುಂದಿನ ವರ್ಷ ಕಿಲುಬು ಇಮ್ಮಡಿಯಾಗುತ್ತದೆ. ನಿಮಗೆ ಕಂಡ ಹಸಿರು ಬಣ್ಣವೇ ಲೇಪ ಆಗಲೇ ಸವೆದಿರುವುದಕ್ಕೆ ಸಾಕ್ಷಿ. ಹಾಗಾಗಿ ಈ ವರ್ಷ ಒರೆಸಿ ನುಡಿಸಿ, ಬರುವ ಮಳೆಗಾಲಕ್ಕೆ ಮುಂಚೆ ಜ್ಯಾಕ್ ಬದಲಾಯಿಸಿ.

ಜ್ಯಾಕಿಗಿಂತ ಪ್ಲಗ್ಗನ್ನು ಒರೆಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಜ್ಯಾಕಿನ ಒಳಗಿನ ಕೊಳೆಯೆಲ್ಲ ಪ್ಲಗ್ಗಿನ ಮೂಲಕವೇ ಒಳಗೆ ಹೋಗಿರುತ್ತದೆ. ಕಾರವಾರದ ಕಡಲತೀರದ ಮಯೂರವರ್ಮ ವೇದಿಕೆಯಂತಹ ಬಯಲು ರಂಗದಲ್ಲಿ ಒಂದು ಸಂಜೆ ನುಡಿಸಿದರೆ ಕೇಬಲ್ಲಿನ ಮೇಲೆ ನಯವಾದ ಮರಳು, ಉಪ್ಪಿನ ತೇವ ಎರಡೂ ಕೂರುತ್ತವೆ. ಒಣ ಹತ್ತಿಬಟ್ಟೆಯಿಂದ ಪ್ಲಗ್ಗನ್ನು ಒರೆಸದೆ ಜ್ಯಾಕಿಗೆ ಹಾಕಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯ ತೇವಾಂಶ ಬಹುತೇಕ ದಿನ 80 ಪ್ರತಿಶತಕ್ಕಿಂತ ಮೇಲೆಯೇ ಇರುವುದರಿಂದ ವಾದ್ಯವನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ. ಬಣ್ಣ ಬದಲಾಯಿಸುವ ಬಗೆಯದಾದರೆ ಅದು ತೇವ ಕುಡಿದು ತಣಿದದ್ದು ಗೊತ್ತಾಗುತ್ತದೆ. ಒದ್ದೆ ಕೇಬಲ್ಲನ್ನು ಅದೇ ಪೆಟ್ಟಿಗೆಯೊಳಗೆ ಸುತ್ತಿಟ್ಟರೆ ಇದೆಲ್ಲ ವ್ಯರ್ಥ.

ಪ್ರಶ್ನೆ: ಹೊನ್ನಾವರದ ಹತ್ತಿರ ಚೌತಿಯ ಪೆಂಡಾಲಿನಲ್ಲಿ ನುಡಿಸುವಾಗ ಮೈಕಿಗೆ ತುಟಿ ತಾಗಿದರೆ ಶಾಕ್ ಹೊಡೆಯಿತು. ಇದು ಜ್ಯಾಕಿನ ದೋಷವೇ?

ಉತ್ತರ: ಅಲ್ಲ, ಮತ್ತು ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ತಂತಿಗಳು ಬ್ರಿಜ್, ಜ್ಯಾಕ್, ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ, ಅಲ್ಲಿಂದ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನಿಗೆ ಸೇರಿರುತ್ತವೆ. ಪೆಂಡಾಲಿನ ತಾತ್ಕಾಲಿಕ ವೈರಿಂಗಿನಲ್ಲಿ ಅರ್ತ್ ಇಲ್ಲದಿದ್ದರೆ, ಅಥವಾ ಯಾರಾದರೂ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ, ಆಂಪ್ಲಿಫೈಯರಿನ ಮೈಗೆ ಸೋರಿದ ವಿದ್ಯುತ್ತು ನಿಮ್ಮ ಕೈಯಿಂದ ತುಟಿಗೆ, ತುಟಿಯಿಂದ ಮೈಕಿಗೆ ದಾರಿ ಹುಡುಕುತ್ತದೆ. 230 ವೋಲ್ಟಿನ ಈ ದಾರಿ ಜೀವಕ್ಕೆ ಅಪಾಯ. ಆಂಪ್ಲಿಫೈಯರ್ ಮತ್ತು ಮೈಕಿನ ವ್ಯವಸ್ಥೆ ಎರಡಕ್ಕೂ ಅರ್ತ್ ಸರಿಯಾಗಿರುವ ಒಂದೇ ಬೋರ್ಡಿನಿಂದ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚು) ಮೂಲಕ ವಿದ್ಯುತ್ ಕೊಡಲು ಎಲೆಕ್ಟ್ರಿಷಿಯನ್ನರಿಗೆ ಹೇಳಿ, ಅದಾಗುವವರೆಗೆ ನುಡಿಸಬೇಡಿ. ಶಾಕ್ ತಪ್ಪಿಸಲು ಬ್ರಿಜ್ಜಿನ ಅರ್ತ್ ವೈರನ್ನು ಕತ್ತರಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಏಕೆಂದರೆ ದೋಷವಿರುವುದು ವಾದ್ಯದಲ್ಲಿ ಅಲ್ಲ.

ಪ್ರಶ್ನೆ: ಭಟ್ಕಳದಿಂದ ಬರೆಯುತ್ತಿದ್ದೇನೆ. ನನ್ನ ಬೇಸಿನ ಪಕ್ಕದಲ್ಲಿರುವ ಜ್ಯಾಕಿನ ತಗಡಿನ ಸ್ಕ್ರೂಗಳು ಹಿಡಿಯುತ್ತಿಲ್ಲ, ಇಡೀ ತಗಡು ಕಿತ್ತು ಬರುತ್ತದೆ. ಇದು ಮತ್ತೆ ಆಗದಂತೆ ಏನು ಮಾಡಬೇಕು?

ಉತ್ತರ: ಸ್ಕ್ರೂ ರಂಧ್ರದೊಳಗೆ ಫೆವಿಕಾಲ್ ಸವರಿದ ಬಿದಿರಿನ ತೆಳು ಸಿಬಿರುಗಳನ್ನು ಬಿಗಿಯಾಗಿ ತುಂಬಿ, ಒಂದು ದಿನ ಒಣಗಲು ಬಿಟ್ಟು, ಹೊರಚಾಚಿದ್ದನ್ನು ಕತ್ತರಿಸಿ, ಸ್ಕ್ರೂವನ್ನು ಮತ್ತೆ ಹಾಕಿ. ತುಕ್ಕು ಹಿಡಿದ ಹಳೆಯ ಸ್ಕ್ರೂಗಳ ಬದಲು ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕುವುದು ಕರಾವಳಿಗೆ ಒಳ್ಳೆಯದು. ಮರವೇ ಸೀಳಿದ್ದರೆ ಬಡಗಿಗಳ ಹತ್ತಿರ ಒಯ್ಯಿರಿ. ಪತ್ರದ ಜೊತೆಗಿನ ಚಿತ್ರದಲ್ಲಿ ನಿಮ್ಮದು ಉದ್ದ ಕೊಳವೆಯಾಕಾರದ ಮುಚ್ಚಿದ ಜ್ಯಾಕ್ ಎಂದು ಕಾಣುತ್ತದೆ. ಅದರ ಒಳಗಿನ ಪಟ್ಟಿಗಳನ್ನು ಬಗ್ಗಿಸಲು ಬರುವುದಿಲ್ಲ, ಕರಕರ ಎಂದರೆ ಬದಲಾಯಿಸುವುದೊಂದೇ ದಾರಿ.

ತಗಡು ಕೀಳುವುದು ಕೇಬಲ್ಲಿನ ಎಳೆತದಿಂದ. ಕೇಬಲ್ಲನ್ನು ಜ್ಯಾಕಿಗೆ ಹಾಕುವ ಮೊದಲು, ಹೆಗಲ ಪಟ್ಟಿ ವಾದ್ಯದ ಹಿಂಬದಿಯ ಗುಬ್ಬಿಗೆ ಸಿಕ್ಕಿಕೊಂಡಿರುವ ಕಡೆ, ಪಟ್ಟಿಗೂ ಒಡಲಿಗೂ ನಡುವೆ ತೂರಿಸಿ ಒಂದು ಸಡಿಲವಾದ ಬಾಗು ಬಿಟ್ಟು ಹಾಕಿ. ಆಗ ಯಾರಾದರೂ ಕೇಬಲ್ ತುಳಿದರೂ ಎಳೆತ ಹೆಗಲ ಪಟ್ಟಿಯ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಜ್ಯಾಕ್ ಇರುವ ವಾದ್ಯಕ್ಕೆ ಕೋನಾಕಾರದ ಪ್ಲಗ್ ಹಾಕಿದರೆ ಜ್ಯಾಕಿನ ಮೇಲೆ ಸನ್ನೆಗೋಲಿನಂತೆ ಬೀಳುವ ಬಲ ಕಡಿಮೆಯಾಗುತ್ತದೆ, ಕುರ್ಚಿಯ ಮೇಲೆ ಕೂತು ನುಡಿಸುವಾಗ ಪ್ಲಗ್ ತೊಡೆಗೆ ಒತ್ತುವುದೂ ಇಲ್ಲ.